ನೀರಿಗೆ ದಾರಿಯಿಲ್ಲದ ಉಡುಪಿಗೆ ಬಾಗಿಲೆಲ್ಲಿ?

ಬಿಗಿಯಾದ ಬಳೆ ತೊಡಿಸುವಾಗ ಬಳೆಗಾರ ಕೈಗೆ ಸಾಬೂನು ನೊರೆ ಹಚ್ಚುತ್ತಾನೆ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಒತ್ತಾಯ ಮಾಡದೆ ಬಳೆಯನ್ನು ಮೇಲೇರಿಸುತ್ತಾನೆ. ತಣ್ಣನೆಯ ಕಡಲುಗಳಲ್ಲಿ ಕೆಲಸ ಮಾಡುವ ಮುಳುಗುಗಾರರು ತಮ್ಮ ರಬ್ಬರ್ ಉಡುಪಿನ ತೋಳಿನೊಳಗೆ ಕೈ ತೂರಿಸಲು ಕಂಡುಕೊಂಡ ಉಪಾಯವೂ ಇದೇ.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ತಣ್ಣೀರಿನಲ್ಲಿ ಬಹಳ ಹೊತ್ತು ಇರಬೇಕಾದವನ ಮೈ ಒಣಗಿಯೇ ಇರಬೇಕು. ಇದಕ್ಕಾಗಿ ಬಂದದ್ದು ‘ಡ್ರೈಸೂಟ್’. ಒಳಗೆ ಉಣ್ಣೆಯ ಬಟ್ಟೆ, ಹೊರಗೆ ನೀರು ತೂರದ ಹೊದಿಕೆ, ಕುತ್ತಿಗೆ ಮತ್ತು ಮಣಿಕಟ್ಟಿನಲ್ಲಿ ಬಿಗಿಯಾದ ಪಟ್ಟಿ. ತೊಡಕು ಇರುವುದೂ ಇಲ್ಲಿಯೇ. ನೀರಿಗೆ ದಾರಿ ಕೊಡದ ಉಡುಪು ಮನುಷ್ಯನಿಗೂ ಸುಲಭವಾಗಿ ದಾರಿ ಕೊಡದು. ಹಾಗಾದರೆ ಒಳಗೆ ಹೋಗುವುದೆಲ್ಲಿಂದ? ಅದಕ್ಕಿಂತ ಮುಖ್ಯವಾಗಿ, ಹೊರಗೆ ಬರುವುದು ಹೇಗೆ?

ಫಿನ್ಲೆಂಡಿನ ರಾಹೆ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ 18ನೇ ಶತಮಾನದ್ದೆನ್ನಲಾದ ಕರುವಿನ ಚರ್ಮದ ಮುಳುಗುಡುಪೊಂದಿದೆ. ಉಳಿದು ಬಂದಿರುವ ಇಂಥ ಉಡುಪುಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಅದರ ಬಾಗಿಲು ಹೊಟ್ಟೆಯ ಬಳಿ. ಮುಳುಗುಗಾರ ಅಲ್ಲಿಂದ ನುಸುಳಿದ ಮೇಲೆ ಹೆಚ್ಚುವರಿ ಚರ್ಮವನ್ನು ಒಟ್ಟುಗೂಡಿಸಿ, ಮೂಟೆಯ ಬಾಯಿ ಕಟ್ಟಿದಂತೆ ಬಿಗಿದು ಕಟ್ಟುತ್ತಿದ್ದರು.

ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕುಶಲಕರ್ಮಿ ಆಗಸ್ಟಸ್ ಸೀಬ 1830ರ ದಶಕದಲ್ಲಿ ರೂಪಿಸಿದ ಉಡುಪು ಇನ್ನೊಂದು ದಾರಿ ಹಿಡಿಯಿತು. ಅದಕ್ಕೆ ಮುಂಚಿನ ಉಡುಪು ಸೊಂಟದ ಬಳಿ ತೆರೆದೇ ಇರುತ್ತಿತ್ತು. ಹಾಕಲು, ತೆಗೆಯಲು ಸುಲಭ; ಆದರೆ ಮುಳುಗುಗಾರ ಮುಗ್ಗರಿಸಿ ಬಿದ್ದರೆ ಶಿರಸ್ತ್ರಾಣಕ್ಕೆ ನೀರು ನುಗ್ಗುತ್ತಿತ್ತು. ಸೀಬನ ಉಡುಪು ಪಾದದಿಂದ ಕುತ್ತಿಗೆಯವರೆಗೆ ಒಂದೇ ಚೀಲ. 1782ರಲ್ಲಿ ಸ್ಪಿಟ್‌ಹೆಡ್ ಬಳಿ ಮುಳುಗಿದ್ದ ‘ರಾಯಲ್ ಜಾರ್ಜ್’ ಯುದ್ಧನೌಕೆಯ ಅವಶೇಷಗಳನ್ನು ತೆಗೆಯುವ ಕೆಲಸ 1839ರಲ್ಲಿ ಕರ್ನಲ್ ಪಾಸ್ಲಿಯ ನೇತೃತ್ವದಲ್ಲಿ ಆರಂಭವಾದಾಗ ಈ ಮುಚ್ಚಿದ ಉಡುಪಿನ ಮೇಲ್ಮೆ ಸಿದ್ಧವಾಯಿತು. ಸುರಕ್ಷತೆ ಹೆಚ್ಚಿತು, ಸಲೀಸು ಹೋಯಿತು.

ಈ ಉಡುಪಿಗೆ ಕುತ್ತಿಗೆಯೇ ಬಾಗಿಲು. ಮುಳುಗುಗಾರ ಅದರಲ್ಲಿ ಕಾಲಿಳಿಸಿದರೆ ಇಬ್ಬರು ಸಹಾಯಕರು ಎರಡೂ ಬದಿಯಿಂದ ಮೇಲಕ್ಕೆ ಜಗ್ಗಬೇಕು. ಕೈಗೆ ಸಾಬೂನು ನೀರು ಸವರಿ ಮಣಿಕಟ್ಟಿನ ಪಟ್ಟಿಯನ್ನು ಹಿಗ್ಗಿಸಬೇಕು. ಬಳಿಕ ಹೆಗಲಿಗೆ ಲೋಹದ ಕವಚ, ಕಾಲಿಗೆ ತಲಾ ಸುಮಾರು 8 ಕಿಲೋ ಭಾರದ ಬೂಟು, ಎದೆ ಬೆನ್ನಿಗೆ ಸೀಸದ ತೂಕ, ತಲೆಗೆ ಶಿರಸ್ತ್ರಾಣ. ಒಟ್ಟು ಭಾರ ಸುಮಾರು 80 ಕಿಲೋ. ಮುಖದ ಗಾಜನ್ನು ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ. ಮುಚ್ಚಿದ ಕ್ಷಣದಿಂದ ಪಂಪಿನ ಗಾಳಿಯೇ ಗತಿ.

ಕಳಚುವಾಗ ಮೊದಲು ತೆಗೆಯುವುದು ಅದೇ ಗಾಜನ್ನು. ಆಮೇಲೆ ಭಾರಗಳನ್ನು ಇಳಿಸಿ, ಪಟ್ಟಿಯನ್ನು ಲೋಹದ ಸಾಧನದಿಂದ ಅಗಲಿಸಿ ಹಿಡಿದರೆ ಮಾತ್ರ ಕೈ ಹೊರಬರುತ್ತಿತ್ತು. ಸಹಾಯಕರಿಲ್ಲದೆ ಈ ಉಡುಪನ್ನು ಹಾಕುವುದೂ ಅಸಾಧ್ಯ, ಬಿಚ್ಚುವುದೂ ಅಸಾಧ್ಯ.

ಎರಡನೇ ಮಹಾಯುದ್ಧದಲ್ಲಿ ಬಾಗಿಲು ಮತ್ತೆ ಹೊಟ್ಟೆಗೆ ಬಂತು. ಬ್ರಿಟಿಷ್ ನೌಕಾದಳದವರು ಟಾರ್ಪೀಡೊದಂಥ ವಾಹನವೇರಿ ಶತ್ರುಬಂದರಿಗೆ ನುಸುಳಲು ತೊಟ್ಟ ‘ಸ್ಲೇಡನ್ ಸೂಟ್’ ಇಂಥದು. ಮುಂಭಾಗದ ತೆರಪಿನಿಂದ ಒಳಹೊಕ್ಕ ಮೇಲೆ ಅದರ ರಬ್ಬರನ್ನು ಮಡಚಿ ಬಿಗಿಯುತ್ತಿದ್ದರು. ತೊಟ್ಟವರು ಅದಕ್ಕಿಟ್ಟ ಅಡ್ಡಹೆಸರು ‘ಕ್ಲ್ಯಾಮಿ ಡೆತ್’, ಅಂದರೆ ಜಿಗುಟು ಸಾವು. ಅದರ ಸುಖ ಎಂಥದೆಂದು ಹೆಸರೇ ಹೇಳುತ್ತದೆ.

ಮಡಚಿ ಕಟ್ಟುವ ಕಷ್ಟವನ್ನು ತಪ್ಪಿಸಿದ್ದು ಜಿಪ್. ಮಾಮೂಲಿ ಜಿಪ್‌ನ ಸಂದುಗಳಲ್ಲಿ ನೀರು ಸೋರುತ್ತದೆ. ಬಾಹ್ಯಾಕಾಶ ಉಡುಪಿನಲ್ಲಿ ಗಾಳಿ ತಡೆಯಲು ಬೆಳೆದ ತಂತ್ರದಲ್ಲಿ ಹಲ್ಲುಗಳು ರಬ್ಬರಿನ ಎರಡು ಅಂಚುಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತವೆ. 1970ರ ದಶಕದಲ್ಲಿ ಸ್ವೀಡನ್ನಿನ ಪೋಸಿಡಾನ್ ಕಂಪನಿಯ ‘ಯೂನಿಸೂಟ್’ ಇಂಥ ಜಿಪ್‌ನಿಂದ ಹೆಸರಾಯಿತು. ಬೆನ್ನಿನ ಮೇಲೆ ಅಡ್ಡಲಾಗಿ ಜಿಪ್ ಇದ್ದರೆ ಎಳೆಯಲು ಇನ್ನೊಬ್ಬರು ಬೇಕು. ಎದೆಯ ಮೇಲೆ ಓರೆಯಾಗಿ ಜಿಪ್ ಬಂದ ಮೇಲೆ ಒಬ್ಬನೇ ತೊಟ್ಟು ಬಿಚ್ಚುವುದು ಸಾಧ್ಯವಾಯಿತು.

ಆದರೂ ಕುತ್ತಿಗೆ, ಮಣಿಕಟ್ಟುಗಳ ಬಿಗಿತ ಹಾಗೆಯೇ ಉಳಿದಿದೆ. ಅದಕ್ಕೆ ಬಲಪ್ರಯೋಗ ಮದ್ದಲ್ಲ. ಉಂಗುರ, ಗಡಿಯಾರ ತೆಗೆದಿಟ್ಟು, ರಬ್ಬರ್ ಪಟ್ಟಿಗೆ ಸುವಾಸನೆಯಿಲ್ಲದ ಟಾಲ್ಕ್ ಪುಡಿ ಹಚ್ಚಿ, ಬೆರಳುಗಳನ್ನು ಮೊಗ್ಗಿನಂತೆ ಕೂಡಿಸಿ ಕೈ ತೂರಿಸುತ್ತಾರೆ. ಕಳಚುವಾಗ ಪಟ್ಟಿಯ ಅಂಚು ಹಿಡಿದು ಜಗ್ಗಿದರೆ ಹರಿಯುತ್ತದೆ. ಅದರಡಿಗೆ ಎರಡು ಬೆರಳು ಸೇರಿಸಿ, ಹಿಗ್ಗಿಸಿ, ಕೈಯನ್ನು ಹಿಂದಕ್ಕೆಳೆಯಬೇಕು. ಕುತ್ತಿಗೆಯ ಪಟ್ಟಿಯನ್ನು ಎರಡೂ ಕೈಗಳಿಂದ ಒಳಗಿನಿಂದ ಅಗಲಿಸಿ, ತಲೆ ಬಗ್ಗಿಸಿ ಹೊರಬರಬೇಕು. ಲೋಹದ ಜಿಪ್‌ಗೆ ಮೇಣ ಸವರಬೇಕು. ಸಲೀಸಾಗಲೆಂದು ಪಟ್ಟಿಯನ್ನು ಹೆಚ್ಚು ಸಡಿಲಿಸಿದರೆ ನೀರು ಒಳಬರುತ್ತದೆ. ತೀರಾ ಬಿಗಿಯಿದ್ದರೆ ಕುತ್ತಿಗೆಯ ರಕ್ತನಾಳ ಒತ್ತಿ, ಮುಳುಗುಗಾರ ಎಚ್ಚರ ತಪ್ಪುವ ಅಪಾಯವುಂಟು.

ಹಿತ್ತಾಳೆಯ ಶಿರಸ್ತ್ರಾಣಗಳು ಬಹುಪಾಲು ವಸ್ತುಸಂಗ್ರಹಾಲಯ ಸೇರಿವೆ. ಇಂದಿನ ಮುಳುಗುಗಾರನಿಗೆ ಉಡುಪು ತೊಡಿಸುವವರು ಬೇಕಿಲ್ಲ. ಆದರೆ ಜಿಪ್‌ನ ಕೊನೆಯ ನಾಲ್ಕು ಹಲ್ಲು ಮುಚ್ಚದೆ ಉಳಿದರೂ ತಣ್ಣೀರು ಮೈಯನ್ನು ಹುಡುಕಿಕೊಂಡು ಬರುತ್ತದೆ. ಹಾಗಾಗಿ ನೀರಿಗಿಳಿಯುವ ಮುನ್ನ ಜೊತೆಗಾರನಿಗೆ ಜಿಪ್ ತೋರಿಸಿ ಖಚಿತಪಡಿಸಿಕೊಳ್ಳುವ ಪದ್ಧತಿ ಉಳಿದಿದೆ. ಇನ್ನೊಬ್ಬರ ಕೈ ಬೇಡವಾದರೂ ಇನ್ನೊಬ್ಬರ ಕಣ್ಣು ಬೇಕೇ ಬೇಕು.