ಎಡೆದೊರೆ ನಾಡಿನ ಕಲ್ಲೂ ಕಡವೂ

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವೆ ಹರಡಿಕೊಂಡಿರುವ ನಮ್ಮ ಭೂಭಾಗಕ್ಕೆ ಪ್ರಾಚೀನ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಅಭಿಧಾನವುಂಟು. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಅದು ಎಡೆದೊರೆ. ಪಾರಸಿಯ ದೋ ಆಬ್ ಎಂಬ ಮಾತಿನಿಂದ ದೋಆಬ್ ಎಂದು ಮುಂದಿನವರು ಕರೆದರು. ಹೆಸರು ಯಾವುದಾದರೇನು, ಈ ನೆಲಕ್ಕಾಗಿ ಹೊಡೆದಾಡದ ರಾಜವಂಶ ದಕ್ಷಿಣದಲ್ಲಿ ವಿರಳವೆಂದೇ ಹೇಳಬೇಕು. ಚಾಲುಕ್ಯ ಚೋಳರು, ಯಾದವ ಕಾಕತೀಯರು, ಬಹಮನಿ ವಿಜಯನಗರದವರು, ಆದಿಲ್‌ಶಾಹಿಗಳು, ಕೊನೆಗೆ ನಿಜಾಮರು, ನಡುವೆ 1853ರಿಂದ 1860ರವರೆಗೆ ಆಂಗ್ಲರೂ ಇದನ್ನು ತಮ್ಮ ವಹಿಯಲ್ಲಿ ಬರೆದುಕೊಂಡವರೇ. ಆ ಸಮಗ್ರ ಇತಿಹಾಸವನ್ನು ಹೇಳುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಒಂದು ಕಲ್ಲು, ಒಂದು ಕಡ, ಒಂದು ಐತಿಹ್ಯ, ಇವಿಷ್ಟನ್ನೇ ವಾಚಕರ ಮುಂದಿಡಬಯಸುತ್ತೇನೆ.

ಮೊದಲು ಕಲ್ಲಿನ ವಿಷಯ. ರಾಯಚೂರು ಕೋಟೆಯ ಒಳಗೋಡೆಯ ಪಶ್ಚಿಮ ಭಾಗದಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಬಂಡೆಯ ತೊಲೆ ಇದೆ. ಬಾಲ್ಯದಲ್ಲಿ ನಾವು ಹುಡುಗರು ಅದರ ಕೆಳಗೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ಅಳೆಯುತ್ತಿದ್ದೆವು. ಒಬ್ಬೊಬ್ಬರ ಲೆಕ್ಕ ಒಂದೊಂದು ತೆರನಾಗಿ ಬಂದು ಜಗಳವಾಗುತ್ತಿತ್ತು. ಆ ಬಂಡೆಯ ಮೇಲೆ ತೆಲುಗಿನ ಶಾಸನವಿದೆ. ಕಾಲ ಕ್ರಿ.ಶ. 1294. ಕಾಕತೀಯರ ಪಕ್ಷದ ಗೋರೆ ಗನ್ನಯ ರೆಡ್ಡಿಯ ಆಜ್ಞಾನುಸಾರ ವಿಠಲನಾಥ ಎಂಬ ದಂಡನಾಯಕನು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ದುರ್ಗಗಳನ್ನು ಹಿಡಿದು, ರಾಯಚೂರನ್ನು ಪ್ರವೇಶಿಸಿ, ಪ್ರಜೆಗಳ ರಕ್ಷಣಾರ್ಥವಾಗಿ ಈ ಕಲ್ಲುಕೋಟೆಯನ್ನು ಕಟ್ಟಿಸಿದನೆಂಬುದು ಅದರ ತಾತ್ಪರ್ಯ. ಇಲ್ಲಿ ಬರುವ ಮಾನುವ ನಮ್ಮ ಮಾನ್ವಿಯೇ.

ಶಾಸನವನ್ನು ಓದಬಲ್ಲವರು ಇಂದು ಅತ್ಯಲ್ಪ. ಆದರೆ ಅದರ ಬಲಭಾಗದಲ್ಲಿ ಗೋಡೆಯ ಮೇಲೆ ಬಿಡಿಸಿರುವ ಒಂದು ಚಿತ್ರವನ್ನು ಅಕ್ಷರ ಬಾರದವನೂ ಓದಬಲ್ಲ. ಇದೇ ಬಂಡೆಯನ್ನು ಕಲ್ಲಿನ ಗಣಿಯಿಂದ ತರುತ್ತಿರುವ ದೃಶ್ಯವದು. ಅರೆಕಾಲುಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಉದ್ದಾನುದ್ದ ಮಲಗಿರುವ ಕಲ್ಲು, ಮುಂದೆ ನೊಗಕ್ಕೆ ನೊಗ ಕಟ್ಟಿದ ಕೋಣಗಳ ದೊಡ್ಡ ಸಾಲು. ಅವುಗಳನ್ನು ಹುರಿದುಂಬಿಸುವ ಹೊಡೆಯಾಳುಗಳು, ಗಾಲಿಯ ಬುಡಕ್ಕೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಆಳುಗಳು. ದಂಡನಾಯಕನ ಹೆಸರು ಅಕ್ಷರದಲ್ಲಿದೆ, ಎಳೆದವರ ಬೆವರು ಚಿತ್ರದಲ್ಲಿದೆ. ಅದನ್ನು ಬಿಡಿಸಬೇಕೆಂದು ಯಾರಿಗೆ ತೋರಿತೋ! ಕೋಟೆ ಕಟ್ಟಿಸಿದವರು ತಮ್ಮ ಪರಾಕ್ರಮವನ್ನು ಕೆತ್ತಿಸುವುದು ವಾಡಿಕೆ; ಕಲ್ಲು ಹೇಗೆ ಬಂದಿತೆಂಬುದನ್ನು ದಾಖಲಿಸಿದ್ದು ಅಪರೂಪ.

ನಮ್ಮ ಗೃಹಸ್ಥ ಧರ್ಮದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು ಎಂಬುದು ಈ ಪತ್ರಿಕೆಯ ವಾಚಕರಿಗೆ ವಿದಿತವೇ ಆಗಿದೆ. ಪ್ರಾಣಿಯ ಮೇಲೆ ಅದರ ಶಕ್ತಿಗೆ ಮೀರಿದ ಹೊರೆ ಹೇರುವುದು ಕೊಲ್ಲುವಷ್ಟು ದೊಡ್ಡ ಪಾಪವೆಂದು ಯಾರೂ ಹೇಳಿಲ್ಲ, ಆದರೂ ಅದನ್ನು ಬೇರೆಯಾಗಿ ಎಣಿಸಿಟ್ಟರು. ಕಾರಣ, ಈ ದೋಷವು ವ್ಯವಹಾರದೊಳಗೆ ಅಡಗಿಕೊಂಡು ಬರುತ್ತದೆ. ಗಂಜಿನಲ್ಲಿ ಬಂಡಿಗೆ ಇನ್ನೊಂದು ಅಂಡಿಗೆ ಏರಿಸುವಾಗ ಯಾರಿಗೂ ತಾನು ಹಿಂಸೆ ಮಾಡುತ್ತಿದ್ದೇನೆಂಬ ಭಾವನೆ ಇರುವುದಿಲ್ಲ.

ಇನ್ನು ಕಡದ ವಿಷಯಕ್ಕೆ ಬರೋಣ. 1520ನೆಯ ಇಸವಿಯ ಮೇ 19ರಂದು ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ರಾಯಚೂರಿನ ಯುದ್ಧವನ್ನು ಶಾಲೆಯ ಪಠ್ಯದಲ್ಲಿ ಓದದವರಿಲ್ಲ. ಆದರೆ ಅದು ಹೊತ್ತಿಕೊಂಡ ಬಗೆಯನ್ನು ಪಠ್ಯಗಳು ಹೇಳುವುದಿಲ್ಲ. ಮುಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೋ ನೂನಿಜ್ ಬರೆದಿಟ್ಟ ವೃತ್ತಾಂತವನ್ನು ರಾಬರ್ಟ್ ಸೂವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದರ ಪ್ರಕಾರ ರಾಯನು ಸೈಯದ್ ಮರ್ಕಾರ್ ಎಂಬ ವ್ಯಾಪಾರಿಯ ಕೈಯಲ್ಲಿ 40,000 ಪರ್ದಾವೊ, ಅಂದರೆ ಹೊನ್ನು, ಕೊಟ್ಟು ಗೋವೆಯಿಂದ ಕುದುರೆಗಳನ್ನು ಕೊಂಡುತರಲು ಕಳುಹಿಸಿದನು. ಆತನು ಗೋವೆಗೆ ಹೋಗುವ ಬದಲು ಹಣದೊಡನೆ ಆದಿಲ್‌ಶಾಹನ ಆಶ್ರಯ ಸೇರಿದನು. ಹಣವನ್ನೂ ಮನುಷ್ಯನನ್ನೂ ಒಪ್ಪಿಸಬೇಕೆಂದು ರಾಯನು ಕೇಳಿದನು. ಆತ ಧರ್ಮಜ್ಞ, ಪ್ರವಾದಿಯ ವಂಶಸ್ಥ, ಒಪ್ಪಿಸಲಾಗದು ಎಂಬ ಉತ್ತರ ಬಂದಿತು. ದಂಡು ಹೊರಟಿತು.

ಯುದ್ಧಕ್ಕೆ ಬೇರೆ ಕಾರಣಗಳಿರಲಿಲ್ಲವೆಂದಲ್ಲ. ದೋಆಬಿನ ಹಳೆಯ ವೈರವಿತ್ತು, ಇದೊಂದು ನೆಪವೆಂದು ನೂನಿಜನ ಬರಹದಿಂದಲೇ ತಿಳಿಯುತ್ತದೆ. ಆದರೂ ವ್ಯಾಪಾರಿಯಾದ ನನಗೆ ಇದನ್ನು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತು. ನಂಬಿ ಕೈಗೆ ಕೊಟ್ಟ ಹಣವನ್ನು ಅಪಹರಿಸುವುದಕ್ಕೆ ನಮ್ಮ ಶಾಸ್ತ್ರದಲ್ಲಿ ನ್ಯಾಸಾಪಹಾರವೆಂದು ಹೆಸರು. ಅದನ್ನು ಕಳವಿನ ಪಟ್ಟಿಯಲ್ಲಿ ಸೇರಿಸದೆ ಸತ್ಯವ್ರತದ ಅತಿಚಾರವಾಗಿ ಎಣಿಸಿರುವುದು ಗಮನಾರ್ಹ. ಹೋದದ್ದು ಹೊನ್ನಿಗಿಂತ ಹೆಚ್ಚಾಗಿ ಮಾತು.

ರಾಯನ ಸೈನ್ಯದ ಗಾತ್ರವನ್ನು ನೂನಿಜ್ ಏಳು ಲಕ್ಷ ಕಾಲಾಳುಗಳಿಗೂ ಹೆಚ್ಚೆಂದು ಬರೆಯುತ್ತಾನೆ. ತಲೆಗೆ ದಿನಕ್ಕೆ ಅರ್ಧ ಕಿಲೋ ಜೋಳವೆಂದು ಹಿಡಿದರೂ ನಿತ್ಯ 3,500 ಕ್ವಿಂಟಲ್ ಬೇಕು. ಕುದುರೆಯ ಹುರುಳಿ, ಆನೆಯ ಮೇವು ಬೇರೆ. ಮಳೆ ಬಾರದ ವೈಶಾಖ ಜ್ಯೇಷ್ಠದ ಬಿಸಿಲಿನಲ್ಲಿ, ರಾಯಚೂರು ಸೀಮೆಯಲ್ಲಿ! ಧಾನ್ಯದ ಅಂಗಡಿಯಲ್ಲಿ ಕುಳಿತವನು ಆ ಸಂಖ್ಯೆಯನ್ನು ಒಪ್ಪಲಾರ. ಆದರೆ ಪಾಳೆಯದೊಳಗೇ ದೊಡ್ಡ ಪೇಟೆ ನೆರೆದಿತ್ತು, ಬೇಕಾದ ವಸ್ತು ದೊರೆಯುತ್ತಿತ್ತು ಎಂಬುದನ್ನು ನಂಬಬಹುದು. ಎಲ್ಲಿ ದಂಡೋ ಅಲ್ಲಿ ನಮ್ಮ ವೃತ್ತಿಯವರು ಇದ್ದೇ ಇರುತ್ತಾರೆ.

ಮುತ್ತಿಗೆಯ ವರ್ಣನೆಯಲ್ಲಿ ಒಂದು ಸಂಗತಿ ನನ್ನನ್ನು ಬಹುಕಾಲ ಕಾಡಿತು. ಕೋಟೆಯ ಗೋಡೆ ಬಗ್ಗದಿರಲು ದಳವಾಯಿಗಳು ಒಂದು ಉಪಾಯ ಹೂಡಿದರು. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಅದರ ಗಾತ್ರಕ್ಕೆ ತಕ್ಕಂತೆ ಕ್ರಯ ಕೊಡಲಾರಂಭಿಸಿದರು. ಮೇಲಿನಿಂದ ಗುಂಡು, ಕಲ್ಲು ಸುರಿಯುತ್ತಿದ್ದರೂ ಬಡ ಕಾಲಾಳುಗಳು ಗುದ್ದಲಿ ಹಾರೆ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿದರು. 1294ರಲ್ಲಿ ಕೋಣಗಳು ಎಳೆದು ತಂದ ಕಲ್ಲನ್ನು 1520ರಲ್ಲಿ ಮನುಷ್ಯರು ಪ್ರಾಣ ಒತ್ತೆಯಿಟ್ಟು ಕಿತ್ತು ಮಾರಿದರು. ಕಲ್ಲಿಗೆ ದರ ಕಟ್ಟಿದ್ದರು, ಕಿತ್ತವನ ಜೀವಕ್ಕೆ ದರವಿರಲಿಲ್ಲ.

ಅಷ್ಟರಲ್ಲಿ ಆದಿಲ್‌ಶಾಹನು ಕೃಷ್ಣೆಯನ್ನು ದಾಟಿ ಬಂದನು. ಮೊದಲು ಆತನ ಫಿರಂಗಿಗಳಿಂದ ರಾಯನ ಮುಂದಣ ಸಾಲು ಚದುರಿತು. ರಾಯನು ಸ್ವತಃ ಕುದುರೆಯೇರಿ ಸೈನ್ಯವನ್ನು ತಿರುಗಿಸಿ ಎದುರಾಳಿಯನ್ನು ಹೊಳೆಗೆ ತಳ್ಳಿದನು. ಶರಣಾರ್ಥಿಗಳಾಗಿ ನೀರಿಗೆ ಬಿದ್ದವರನ್ನೂ ಬಿಡದೆ ಕೊಲ್ಲುತ್ತಿದ್ದರು. ಆಗ ರಾಯನು ತನ್ನವರನ್ನು ಹಿಂದಕ್ಕೆ ಕರೆಸಿದನೆಂದು ನೂನಿಜ್ ಬರೆದಿದ್ದಾನೆ. ಸಾಯುತ್ತಿರುವವರು ತಪ್ಪು ಮಾಡಿದವರಲ್ಲ, ಆದಿಲ್‌ಶಾಹನು ಮಾಡಿದ ಅಪರಾಧಕ್ಕೆ ಸಲ್ಲಬೇಕಾದುದು ಸಂದಾಯವಾಗಿದೆ ಎಂಬರ್ಥದ ಮಾತನ್ನು ಆತ ಆಡಿದನಂತೆ. ಕೆಲವು ದಳವಾಯಿಗಳಿಗೆ ಇದು ಹಿತವಾಗಲಿಲ್ಲ. ನನ್ನ ಮಟ್ಟಿಗೆ ಕೃಷ್ಣದೇವರಾಯನ ಸಮಸ್ತ ವಿಜಯಗಳಿಗಿಂತ ಆ ಹೊಳೆಯ ದಂಡೆಯ ಒಂದು ಕ್ಷಣ ದೊಡ್ಡದು. ವಿರೋಧೀ ಹಿಂಸೆಗೆ ಗೃಹಸ್ಥನಲ್ಲಿ ಅವಕಾಶವುಂಟೆನ್ನುತ್ತೇವೆ. ಆದರೆ ವಿರೋಧ ಮುಗಿದ ಗಳಿಗೆಯನ್ನು ಗುರುತಿಸುವ ಕಣ್ಣು ಎಷ್ಟು ಜನಕ್ಕಿದೆ?

ಆ ಕಣ್ಣು ರಾಯನಿಗೂ ಬಹುಕಾಲ ಉಳಿಯಲಿಲ್ಲ. ಕುದುರೆ ಮಾರಲು ಬಂದಿದ್ದ ಕ್ರಿಸ್ತೊವಾವೊ ದೆ ಫಿಗೆರೆದೊ ತನ್ನ 20 ಜನ ಬಂದೂಕುಗಾರರೊಡನೆ ನೆರವಾದನು, ಕೋಟೆಯ ಅಧಿಪತಿ ಹಣೆಗೆ ಗುಂಡು ತಗುಲಿ ಮಡಿದನು, ಊರು ಶರಣಾಯಿತು. ಊರಿನ ಜನರಿಗೆ ರಾಯನು ಅಭಯವಿತ್ತನು. ಅಲ್ಲಿಗೆ ಮುಗಿಯಬಹುದಿತ್ತು. ಸಂಧಿಗೆ ಬಂದ ರಾಯಭಾರಿಯನ್ನು ಕಾಯಿಸಿ, ನಿನ್ನ ಒಡೆಯನು ಬಂದು ನನ್ನ ಪಾದವನ್ನು ಚುಂಬಿಸಿದರೆ ಎಲ್ಲವನ್ನೂ ಮರಳಿಸುತ್ತೇನೆ ಎಂದನಂತೆ. ಆದಿಲ್‌ಶಾಹನು ಬರಲಿಲ್ಲ. ದಂಡು ಮತ್ತೆ ಉತ್ತರಕ್ಕೆ ನಡೆಯಿತು, ಊರುಗಳು ಹಾಳಾದವು. ರಾಯನು 1529ರಲ್ಲಿ ತೀರಿಕೊಂಡನು. 1530ರಲ್ಲಿ ರಾಯಚೂರು ಮುದಗಲ್ಲುಗಳು ಪುನಃ ಇಸ್ಮಾಯಿಲನ ವಶವಾದವು. ಸಾಲವನ್ನು ವಸೂಲು ಮಾಡಿದ ಮೇಲೆ ಸಾಲಗಾರನ ಮಾನವನ್ನೂ ಬಡ್ಡಿಯಾಗಿ ಕೇಳಿದ ವ್ಯವಹಾರವಿದು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ನನ್ನದೇ ಒಂದು ಕಾರಣವಿದೆ. 1985ರ ಬರಗಾಲದಲ್ಲಿ, ಬಿ.ಕಾಂ. ಮುಗಿಸಿ ಅಂಗಡಿಗೆ ಬಂದು ಕೆಲವೇ ವರ್ಷಗಳಾಗಿದ್ದಾಗ, ದೇವದುರ್ಗ ತಾಲೂಕಿನ ಹೊಳೆದಂಡೆಯ ಒಬ್ಬ ರೈತನಿಂದ ನಮಗೆ ಬಾಕಿ ಬರಬೇಕಾಗಿತ್ತು. ಹತ್ತಿಯ ಮೇಲೆ ಕೊಟ್ಟ ಮುಂಗಡ. ಎರಡು ವರ್ಷ ಹತ್ತಿ ಬರಲಿಲ್ಲ. ತಂದೆಯವರು, “ಇರಲಿ ಬಿಡು, ಮಳಿ ಆದರ ಕೊಡತಾನ” ಎಂದರು. ನಾನು ಲೆಕ್ಕ ಕಲಿತವನು. ಮೂರು ಸಲ ಮನೆಗೆ ಹೋದೆ, ಮೂರನೆಯ ಸಲ ಊರವರ ಮುಂದೆ ಕೇಳಿದೆ. ವಾರದೊಳಗೆ ಆತ ಜೋಡೆತ್ತು ಮಾರಿ ಹಣ ತಂದು ಗಾದಿಯ ಮೇಲಿಟ್ಟು, “ಲೆಕ್ಕ ಬರೋಬರಿ ಆತೇನ್ರೀ ಸಾವ್ಕಾರ್ರ?” ಎಂದ. ಬರೋಬರಿಯಾಗಿತ್ತು. ಆತ ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ತಂದೆಯವರು ಆ ದಿನ ನನ್ನೊಡನೆ ಮಾತಾಡಲಿಲ್ಲ.

ಈ ನೆಲದ ಐತಿಹ್ಯಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಬೇರೊಂದು ಬಗೆಯ ಕೊಡುಕೊಳೆಯ ಕಥೆ. ಮಾನ್ವಿ ತಾಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಈ ಮೂವರೂ ಹರಿದಾಸ ಪರಂಪರೆಯ ಹಿರಿಯರು. ಜಗನ್ನಾಥದಾಸರು ಹರಿಕಥಾಮೃತಸಾರದ ಕರ್ತೃ. ಅವರ ಪೂರ್ವನಾಮ ಶ್ರೀನಿವಾಸಾಚಾರ್ಯ. ಸಂಸ್ಕೃತ ಪಾಂಡಿತ್ಯದ ಹೆಮ್ಮೆಯಲ್ಲಿದ್ದ ಆಚಾರ್ಯರಿಗೆ ಕನ್ನಡದಲ್ಲಿ ಹಾಡುವ ದಾಸರ ಮೇಲೆ ಅನಾದರ. ಮಾನ್ವಿಗೆ ಬಂದ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆಶೂಲೆಯ ನೆಪ ಹೇಳಿ ತಪ್ಪಿಸಿಕೊಂಡರು. ನೆಪ ನಿಜವಾಗಿ ಶೂಲೆ ಹಿಡಿಯಿತು. ಯಾವ ಔಷಧಕ್ಕೂ ಬಗ್ಗದಿರಲು ವಿಜಯದಾಸರಿಗೇ ಶರಣಾದರು. ಅವರು ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ಭಕ್ಕರಿ ತಿನ್ನಿಸಿ ಗುಣಪಡಿಸಿದ್ದಲ್ಲದೆ, ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆಯೆರೆದರು. ಸಾಮಾನ್ಯವಾಗಿ ಹೇಳುವ ತೇದಿಗಳ ಪ್ರಕಾರ ಗೋಪಾಲದಾಸರ ನಿಧನ 1769, ಜಗನ್ನಾಥದಾಸರದು 1809. ಕಥೆ ಕಟ್ಟಿದವರಿಗೆ ಲೆಕ್ಕ ಗೊತ್ತಿತ್ತು.

ಆಯುಃಕರ್ಮವನ್ನು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ವರ್ಗಾಯಿಸಲಾಗದೆಂಬುದು ನಮ್ಮ ಸಿದ್ಧಾಂತ. ಒಮ್ಮೆ ಮಾನ್ವಿಯಲ್ಲಿ, ದಾಸರು ಸನ್ನಿಹಿತರೆಂದು ಭಕ್ತರು ಪೂಜಿಸುವ ಕಂಬದ ಎದುರಿಗೆ, ಜೊತೆಗಿದ್ದ ಮಿತ್ರರಿಗೆ ನಾನು ಇದನ್ನು ಹೇಳಿದೆ. ಅವರು ವಾದಿಸಲಿಲ್ಲ. “ಕೊಡಲಿಕ್ಕೆ ಬರತದೋ ಇಲ್ಲೋ ಆಮ್ಯಾಲ ನೋಡೋಣ್ರೀ, ಕೊಡಬೇಕು ಅನ್ನಿಸಿತಲ್ಲ” ಎಂದರು. ಅದೂ ಯಾರಿಗೆ? ತಮ್ಮ ಗುರುವನ್ನು ಅವಮಾನಿಸಿದವನಿಗೆ. ಸಿದ್ಧಾಂತವನ್ನು ನಾನು ಬಿಟ್ಟಿಲ್ಲ. ಅಂದು ಮಾತ್ರ ಮುಂದೆ ಮಾತಾಡಲಿಲ್ಲ.

ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಕಂಡುಹಿಡಿದ ಬಂಡೆಗಲ್ಲಿನ ಶಾಸನದಿಂದ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ತಿಳಿಯಿತು. ಹೆಸರಿನ ಕಾರಣಕ್ಕೆ ಅದು ಪ್ರಸಿದ್ಧ. ಧರ್ಮದಲ್ಲಿ ತೊಡಗಿದರೆ ಅಲ್ಪನೂ ಉನ್ನತಿಯನ್ನು ಪಡೆಯಬಲ್ಲ, ಅದು ದೊಡ್ಡವರಿಗಷ್ಟೇ ಮೀಸಲೆಂದು ಎಣಿಸಬಾರದು ಎಂಬ ಅದರ ಒಳಗಿನ ಮಾತನ್ನು ಕೇಳಿದವರು ಕಡಿಮೆ.

ಕೆಲವು ವರ್ಷಗಳ ಹಿಂದೆ ಕೊಪ್ಪರದ ನರಸಿಂಹ ಕ್ಷೇತ್ರವನ್ನು ನೋಡಿ ಬರುವಾಗ ದಾರಿಯಲ್ಲಿ ಆ ರೈತನ ಊರು ಸಿಕ್ಕಿತು. ಆತ ತೀರಿಕೊಂಡಿದ್ದ. ಮಗನು ನನ್ನನ್ನು ಗುರುತಿಸಿ ಕರೆದು ಚಹಾ ಕೊಟ್ಟ. ನಾರಾಯಣಪುರ ಬಲದಂಡೆಯ ನೀರು ಬಂದಿದೆ, ಭತ್ತ ಬೆಳೆಯುತ್ತಾರೆ, ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಹಳೆಯ ಮಾತನ್ನು ನಾನೇ ತೆಗೆದೆ. ಆತ ನಕ್ಕು, “ಆಗ ನಾ ಸಣ್ಣಾವ ಇದ್ದೆರೀ. ಎತ್ತಿನ ಹೆಸರು ಮಾತ್ರ ನೆನಪದಾವ” ಎಂದ. ಒಂದು ಹನುಮ, ಇನ್ನೊಂದು ಕರಿಯ.

ಮನೆಗೆ ಬಂದು ಅಟ್ಟದ ಮೇಲಿನ ಹಳೆಯ ಖಾತೆ ಕೀರ್ದಿಗಳನ್ನು ಇಳಿಸಿದೆ. 1985ರ ಪುಟ ಸಿಕ್ಕಿತು. ನನ್ನದೇ ಅಕ್ಷರ. ರೈತನ ಹೆಸರು, ಊರು, ಅಸಲು, ಬಡ್ಡಿ, ಚುಕ್ತಾ. ಅಂಚಿನಲ್ಲಿ ಖಾಲಿ ಜಾಗವಿತ್ತು. ಪೆನ್ಸಿಲಿನಿಂದ ಆ ಎರಡು ಹೆಸರುಗಳನ್ನು ಅಲ್ಲಿ ಬರೆದಿಟ್ಟೆ.