ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡದ ಪಾಠ

ಮೊನ್ನೆ ಸ್ಟುಡಿಯೋದಲ್ಲಿ ಹೋಮ್‌ಸ್ಕೂಲಿಂಗ್ ಬಗ್ಗೆ ಒಂದು ಗಂಟೆ ಚರ್ಚೆ ಆಯ್ತು. ಮಗಳಿಗೆ ಲೆಕ್ಕ, ವಿಜ್ಞಾನ, ಭಾಷೆ ಎಲ್ಲವನ್ನೂ ಮನೆಯಲ್ಲೇ ಕಲಿಸುತ್ತಿರುವ ದಂಪತಿ ಬಂದಿದ್ದರು. ಇನ್ನೊಬ್ಬ ಅತಿಥಿ, ಇದೆಲ್ಲ ಅಮೆರಿಕದಿಂದ ಬಂದ ಶೋಕಿ ಅಂತ ಕೂಗಾಡಿದರು. ಬ್ರೇಕ್‌ನಲ್ಲಿ ನನಗೆ ನೆನಪಾಗಿದ್ದು ಮಾತ್ರ ನಮ್ಮ ಭಾಲ್ಕಿ.

ವೀಕ್ಷಕರೇ, ಬೀದರ್, ಭಾಲ್ಕಿ, ಔರಾದ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯಲ್ಲಿ ಉರ್ದು, ಸರ್ಕಾರಿ ಶಾಲೆಯಲ್ಲೂ ಉರ್ದು, ಪೇಟೆಯಲ್ಲಿ ಮರಾಠಿ. ಕನ್ನಡ ಇದ್ದದ್ದು ಅಡುಗೆಮನೆಯಲ್ಲಿ, ಹೊಲದಲ್ಲಿ. ಖಾಸಗಿ ಶಾಲೆ ತೆರೆಯಲು ಸರ್ಕಾರದ ಅನುಮತಿ ಬೇಕೆಂಬ ನಿಯಮ 1920ರ ದಶಕದಲ್ಲಿ ಬಂತು. ಮಹಮೂದ್ ಗವಾನ್ 1472ರಲ್ಲೇ ದೊಡ್ಡ ಮದರಸಾ ಕಟ್ಟಿಸಿದ್ದ ಬೀದರ್‌ನ ಸುತ್ತಮುತ್ತ, ಕನ್ನಡದ ಮಗು ತನ್ನ ಭಾಷೆಯಲ್ಲಿ ಓದಲು ಜಾಗ ಹುಡುಕಬೇಕಿತ್ತು!

ಆ ಜಾಗವೇ ಗಾವಟಿ ಶಾಲೆ. ಯಾರದೋ ಮನೆಯ ಪಡಸಾಲೆ, ಇಲ್ಲವೇ ಗುಡಿಯ ಕಟ್ಟೆ. ಒಬ್ಬರೇ ಅಯ್ಯನವರು. ಓದು, ಬರಹ, ಲೆಕ್ಕ ಮೂರೂ ಅವರದೇ. ಮರಳು ಹರಡಿ ಬೆರಳಲ್ಲಿ ಅಕ್ಷರ ತಿದ್ದಿಸೋದು. ಮಗ್ಗಿ ಅಂದ್ರೆ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯೂ ಸೇರಿ. ರೂಪಾಯಿಗೆ 16 ಆಣೆ ಇದ್ದ ಕಾಲ, ಅದು ಬಾರದಿದ್ದರೆ ಸಂತೆಯಲ್ಲಿ ಮೋಸ ಹೋಗೋದು ಖಾತ್ರಿ. ಇಂಜಿನಿಯರಿಂಗ್ ಓದಿದ ನನಗೆ ಮುಕ್ಕಾಲಿನ ಮಗ್ಗಿ ಇವತ್ತಿಗೂ ಬರಲ್ಲ, ಬಿಡಿ.

ಇಂಥ ಹೊತ್ತಿನಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದೇವರು ಮಾಡಿದ ಕೆಲಸ ಬೀದರ್ ಜಿಲ್ಲೆಯಲ್ಲಿ ಮನೆಮಾತು. ಅವರು ಹುಟ್ಟಿದ ಕಮಲನಗರ ಮೊನ್ನೆಮೊನ್ನೆವರೆಗೆ ಔರಾದ ತಾಲ್ಲೂಕಿನಲ್ಲೇ ಇತ್ತು. ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿದರು, ಒಳಗೆ ಕನ್ನಡ ಹೇಳಿಕೊಟ್ಟರು. ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಬೆಳೆದದ್ದು ಅವರ ಕೈಯಲ್ಲೇ. 1999ರಲ್ಲಿ ಲಿಂಗೈಕ್ಯರಾದಾಗ ಅವರ ವಯಸ್ಸು ನೂರು ದಾಟಿತ್ತು.

ಈ ಕಥೆಯನ್ನು ಉರ್ದುವಿನ ಮೇಲಿನ ಸಿಟ್ಟಾಗಿ ಹೇಳುವವರಿದ್ದಾರೆ. ನಾನು ಒಪ್ಪಲ್ಲ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷ್ ಬಿಟ್ಟು ಉರ್ದುವಿನಲ್ಲಿ ವಿಜ್ಞಾನ ಕಲಿಸಿತು, ಅದಕ್ಕೆಂದೇ ಅನುವಾದ ವಿಭಾಗ ನಡೆಸಿತು. ದೇಶದ ಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯ ಅಂತ ತೋರಿಸಿದ ಸರ್ಕಾರಕ್ಕೆ, ತನ್ನದೇ ಪ್ರಜೆಗಳ ಕನ್ನಡ, ತೆಲುಗು, ಮರಾಠಿಗೂ ಅದೇ ಯೋಗ್ಯತೆ ಇದೆ ಅಂತ ಅನ್ನಿಸಲಿಲ್ಲ. ತಪ್ಪು ಅಲ್ಲಿದೆ. ನಾವೇನು ಕಮ್ಮಿ? ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಕನ್ನಡದ ಒಂದು ಪುಟವನ್ನೂ ನಾನು ಓದಲಿಲ್ಲ.

ಚರ್ಚೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ಮನೆಯಲ್ಲಿ ಕಲಿತರೆ ಸರ್ಟಿಫಿಕೇಟ್ ಯಾರು ಕೊಡ್ತಾರೆ? ಇವತ್ತು ದಾರಿ ಇದೆ, ಎನ್‌ಐಒಎಸ್ ಮೂಲಕ 10ನೇ ತರಗತಿಯ ಪರೀಕ್ಷೆ ಕಟ್ಟಬಹುದು. ಅಂದಿನ ಮಕ್ಕಳಿಗೆ ಆ ದಾರಿ ಇರಲಿಲ್ಲ. ನೌಕರಿ ಬೇಕಂದ್ರೆ ಉರ್ದು ಬೇಕೇ ಬೇಕು. ಕನ್ನಡ ಕಲಿತು ಸಿಗುವುದೇನೂ ಇಲ್ಲ ಅಂತ ಗೊತ್ತಿದ್ದೂ ತಂದೆತಾಯಿ ಮಕ್ಕಳನ್ನು ಪಟ್ಟದೇವರ ಹತ್ತಿರ ಕಳಿಸಿದರು.

1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಭಾಷೆಯ ಲೆಕ್ಕದಲ್ಲಿ ಹೋಳಾಯಿತು. ಉದಗೀರ್, ನಿಲಂಗಾ ಮರಾಠಿ ಕಡೆಗೆ ಹೋದವು, ಜಹೀರಾಬಾದ್ ತೆಲುಗಿನ ಕಡೆಗೆ. ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಬಂದವು.