ಗೌರಿಬಿದನೂರಿನ ನೆಲ, ಟ್ರಾಂಬೆಯ ಕಿವಿ

ವಾಶಿಯ ಸೇತುವೆ ದಾಟಿ ಮುಂಬಯಿಯತ್ತ ಹೋಗುವಾಗ ಎಡಕ್ಕೆ ಕಾಣುವ ಟ್ರಾಂಬೆಯ ಗುಡ್ಡವನ್ನು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರಾದ ನಾವು ಅಣುಶಕ್ತಿಯ ನೆಲೆಯೆಂದೇ ಬಲ್ಲೆವು. ಆ ನೆಲೆಗೆ ನಮ್ಮ ಗೌರಿಬಿದನೂರಿನೊಡನೆ 1965ರಿಂದಲೂ ನಂಟಿದೆ. ಗೌರಿಬಿದನೂರೆಂದರೆ ರೇಡಿಯೋ ದೂರದರ್ಶಕವನ್ನು ನೆನೆಯುವವರೇ ಹೆಚ್ಚು. ನಾವಿಲ್ಲಿ ಹೇಳಹೊರಟಿರುವುದು ಅದಕ್ಕಿಂತ ಹಳೆಯ ಕಥೆ.

1963ರ ಅಂತರರಾಷ್ಟ್ರೀಯ ಒಪ್ಪಂದವು ವಾಯುಮಂಡಲ, ಬಾಹ್ಯಾಕಾಶ, ಸಮುದ್ರಗಳಲ್ಲಿ ಅಣ್ವಸ್ತ್ರ ಪರೀಕ್ಷೆಯನ್ನು ನಿಷೇಧಿಸಿತು; ಭೂಗರ್ಭವನ್ನು ಮಾತ್ರ ಬಿಟ್ಟಿತು. ಸಾವಿರಾರು ಮೈಲಿ ದೂರದ ಕಂಪನವು ಭೂಕಂಪವೋ ಸ್ಫೋಟವೋ ಎಂದು ನಿಶ್ಚಯಿಸುವುದು ಹೇಗೆಂಬ ವಿವಾದ ಆಗಿನ್ನೂ ಬಗೆಹರಿದಿರಲಿಲ್ಲ. ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರವು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗಾಗಳಲ್ಲಿ ಕಂಪನಮಾಪಕಗಳ ಸಾಲುಗಳನ್ನು ಕಟ್ಟಲು ನೆರವಾಯಿತು. ಟ್ರಾಂಬೆಯ ಸಂಸ್ಥೆಯೊಡನೆ (ಅದಕ್ಕೆ ಭಾಭಾ ಅವರ ಹೆಸರು ಬಂದದ್ದು 1967ರಲ್ಲಿ) ಕೂಡಿ ಗೌರಿಬಿದನೂರಿನಲ್ಲೂ ಅಂಥದೊಂದನ್ನು ನಿಲ್ಲಿಸಿತು: ಒಂದಕ್ಕೊಂದು ಲಂಬವಾದ ಎರಡು ತೋಳುಗಳು, ಒಟ್ಟು 20 ಮಾಪಕಗಳು. ಪುರಾತನ ಗಟ್ಟಿಶಿಲೆಯ ಶಾಂತನೆಲ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ಮಾಪಕದೊಳಗೆ ಅಯಸ್ಕಾಂತಕ್ಕೂ ತಂತಿಸುರುಳಿಗೂ ನಡುವೆ ಆಗುವ ಚಲನೆಯಿಂದ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಾಗೆಯೇ ಮೈಲಿಗಟ್ಟಲೆ ಸಾಗಿಸಿದರೆ ದಾರಿಯ ಗದ್ದಲದಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಹುಟ್ಟಿದಲ್ಲೇ ವರ್ಧಿಸಿ, ಅದರ ಏರಿಳಿತವನ್ನು ವಾಹಕ ತರಂಗವೊಂದರ ಆವರ್ತನದ ಏರಿಳಿತವಾಗಿ ಮಾರ್ಪಡಿಸಿ ಕಳುಹಿಸಿದರು. ದಾರಿಯಲ್ಲಿ ತರಂಗದ ಬಲ ಕುಂದಿದರೂ ಆವರ್ತನ ಬದಲಾಗದು, ಸುದ್ದಿ ಕೆಡದು. ಕೇಂದ್ರದಲ್ಲಿ ಎಲ್ಲ ವಾಹಿನಿಗಳೂ ಒಂದೇ ಕಾಲಸೂಚಿಯೊಡನೆ ಕಾಂತಪಟ್ಟಿಯ ಮೇಲೆ ದಾಖಲಾದವು.

ಈ ಪೂರ್ವಸಂಸ್ಕಾರಕ್ಕೆ ಅಷ್ಟೊಂದು ಮಹತ್ವವೇಕೆ? ದೂರದ ಅಲೆ ತೋಳಿನ ಉದ್ದಕ್ಕೂ ತುಸು ಹಿಂದುಮುಂದಾಗಿ ಮಾಪಕಗಳನ್ನು ಮುಟ್ಟುತ್ತದೆ. ಆ ವಿಳಂಬವನ್ನು ಸರಿದೂಗಿಸಿ ಇಪ್ಪತ್ತನ್ನೂ ಕೂಡಿಸಿದರೆ ಸಂಕೇತ ಇಪ್ಪತ್ತು ಪಟ್ಟಾಗುತ್ತದೆ; ಒಂದಕ್ಕೊಂದು ಸಂಬಂಧವಿಲ್ಲದ ಗದ್ದಲವಾದರೋ ಸುಮಾರು ನಾಲ್ಕೂವರೆ ಪಟ್ಟು ಮಾತ್ರ. ಆದರೆ ಒಂದು ವರ್ಧಕ ಹೆಚ್ಚು, ಇನ್ನೊಂದು ಕಡಿಮೆ ಹಿಗ್ಗಿಸಿದರೆ, ಒಂದು ಶೋಧಕ ತುಸು ತಡಮಾಡಿದರೆ, ಈ ಲೆಕ್ಕವೇ ಹಳ್ಳ ಹಿಡಿಯುತ್ತದೆ. ಇಪ್ಪತ್ತೂ ಒಂದೇ ಶ್ರುತಿಯಲ್ಲಿರಬೇಕು.

ಕಾಂತಪಟ್ಟಿಯನ್ನು ಅಂಕೆಗಳಾಗಿಸುವಾಗಲೂ ಇದೇ ಜಾಗರೂಕತೆ ಬೇಕು. ಸೆಕೆಂಡಿಗೆ 20 ಮಾದರಿ ತೆಗೆಯುವುದಾದರೆ 10 ಹರ್ಟ್ಸ್‌ಗಿಂತ ಮೇಲಿನ ಕಂಪನಗಳನ್ನು ಮೊದಲೇ ಸೋಸಿ ತೆಗೆಯಬೇಕು; ಇಲ್ಲವಾದರೆ ಅವು ನಿಧಾನಗತಿಯ ಅಲೆಗಳ ವೇಷ ತೊಟ್ಟು ಒಳನುಸುಳುತ್ತವೆ. ಅನಂತರ ಯಾವ ಗಣಕವೂ ಅವನ್ನು ಬೇರ್ಪಡಿಸಲಾರದು. ದೂರದ ದೇಶವೊಂದು ಭೂಗರ್ಭದಲ್ಲಿ ಬಾಂಬು ಸಿಡಿಸಿತೆಂದು ಆರೋಪಿಸುವವರಿಗೂ ಅಲ್ಲಗಳೆಯುವವರಿಗೂ ಮುಖ್ಯ ಸಾಕ್ಷಿ ಆ ಗೆರೆಯೇ.